ಏಳೆಂಟ್ಲಿ ಎಷ್ಟು?

ನವೆಂಬರ್ 12

ಏಳೆಂಟ್ಲಿ ಎಷ್ಟು ಅನ್ನುವುದು ನನ್ನ ತಲೆಯಲ್ಲಿಲ್ಲ. ಬೆಳಿಗ್ಗೆ ಎದ್ದು ಕೂತು, ಕನ್ನಡಕ ಹುಡುಕುವವರ ಹಾಗೆ ಇರಬೇಕಾದ ಕಡೆಯೆಲ್ಲ ತಡಕಾಡಿದೆ. ಏಳು ಗೊತ್ತು, ಎಂಟೂ ಗೊತ್ತು. ಅವೆರಡೂ ಸೇರಿ ಏನಾಗುತ್ತವೆ ಎಂದು ಕೇಳಿದರೆ ಒಳಗಿನಿಂದ ಯಾರೂ ಉತ್ತರ ಕೊಡುವುದಿಲ್ಲ. ಮೂರಾರ್ಲಿಯೂ ಇಲ್ಲ, ನಾಲ್ಕೊಂಬತ್ಲಿಯೂ ಇಲ್ಲ.

ದಿನಾ ಏನಾದರೂ ಬರೆಯಬೇಕಂತೆ. ಬಲಗೈಗೆ ವ್ಯಾಯಾಮ ಎಂದು ಲುಡೊವಿಕಾ ಹೇಳಿದ್ದಾಳೆ. ಮಾತು, ಬರಹ, ಲೆಕ್ಕ ಮತ್ತೆ ಕಲಿಸುವ ಹುಡುಗಿ ಅವಳು. ನನ್ನ ಮಗಳ ವಯಸ್ಸು, ನನಗೇ ಪಾಠ. ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ ಎಂದಿದ್ದಾಳೆ. ಹಾಗಾದರೆ ನಿಜವನ್ನೇ ಬರೆಯಬಹುದು. ಸೆಪ್ಟೆಂಬರಿನಲ್ಲಿ ಮೆದುಳಿನ ಎಡಭಾಗದಲ್ಲಿ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿತು. ಮಾತು ಬೇಗ ಮರಳಿತು. ಕೈ ಮುಕ್ಕಾಲು ಪಾಲು ಮರಳಿತು. ಮಗ್ಗಿ ಮಾತ್ರ ಹೋದದ್ದು ಹೋಯಿತು. ನಾನು ಮಕ್ಕಳ ವಾರ್ಡಿನ ನರ್ಸು. ಅಲ್ಲಿ ಪ್ರತಿ ಔಷಧಿಯೂ ಮಗುವಿನ ತೂಕದಿಂದ ಗುಣಿಸಿ ಕೊಡುವಂಥದ್ದು. ಮಗ್ಗಿ ಇಲ್ಲದ ನರ್ಸನ್ನು ಯಾವ ತಾಯಿ ತನ್ನ ಮಗುವಿನ ಹತ್ತಿರ ಬಿಟ್ಟುಕೊಂಡಾಳು?

ಅಕ್ಷರ ಸೊಟ್ಟಗಾಗುತ್ತಿದೆ. ಕೈ ನಡುಗುತ್ತಿದೆಯೋ ಈ ಹಳೇ ಊಟದ ಮೇಜು ಅಲ್ಲಾಡುತ್ತಿದೆಯೋ ತಿಳಿಯದು.

ನವೆಂಬರ್ 16

ನನ್ನ ಗಂಡ ರುಜೆರೊ ಒಂದು ರಟ್ಟಿನ ಮೇಲೆ ಇಡೀ ಮಗ್ಗಿಯನ್ನು ದಪ್ಪಗೆ ಬರೆಸಿಕೊಂಡು ಬಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ. ಟೈಲ್ಸ್ ಹಾಕುವವನ ಕೈ, ಮೂಲೆಗೆ ಮೂಲೆ ಕೂಡಿಸಿಯೇ ಅಂಟಿಸಿದ್ದಾನೆ. ದಿನಾ ಸಂಜೆ ಅದರ ಮುಂದೆ ನಿಂತು ನನ್ನ ಪರೀಕ್ಷೆ ಮಾಡುತ್ತಾನೆ. ನಾನು ಸೊಪ್ಪು ಬಿಡಿಸುತ್ತಾ ತಪ್ಪು ಹೇಳುತ್ತೇನೆ.

"ಆರೇಳ್ಲಿ?"

"ಮೂವತ್ತು... ಮೂವತ್ತಾರು?"

"ಅಲ್ಲ ಕಣೇ. ಇನ್ನೊಂದ್ಸಲ ಹೇಳು. ಆರೇಳ್ಲಿ?"

"ನಿನ್ನ ತಲೆ."

"ಅದು ಸೊನ್ನೆ ಅಂತ ಮದುವೆ ದಿನಾನೇ ನಿಮ್ಮಪ್ಪ ಹೇಳಿದ್ರು. ಆರೇಳ್ಲಿ ಹೇಳು."

ನಗು ಬರಬೇಕಿತ್ತು, ಅಳು ಬಂತು. ಅವನು ಸೊಪ್ಪಿನ ಬುಟ್ಟಿ ತನ್ನ ಕಡೆ ಎಳೆದುಕೊಂಡು ಬಿಡಿಸಲು ಕೂತ. ದಂಟು, ಎಲೆಯನ್ನೆಲ್ಲ ಎಸೆದು ಹೂವನ್ನಷ್ಟೇ ಉಳಿಸಿದ. ಪಾಸ್ತಾಕ್ಕೆ ಸಾಕಾಗಲಿಲ್ಲ.

ನವೆಂಬರ್ 24

ಲುಡೊವಿಕಾ ಹೊಸ ತರಹ ಕೇಳಿದಳು.

"ಸಿಸ್ಟರ್, ಏಳೆಂಟ್ಲಿ ಎಷ್ಟು ಅಂತ ಹೇಳ್ಬೇಡಿ. ಅದು ಇಪ್ಪತ್ತಕ್ಕೆ ಹತ್ರನೋ, ಐವತ್ತಕ್ಕೆ ಹತ್ರನೋ, ನೂರಕ್ಕೆ ಹತ್ರನೋ ಅಷ್ಟೇ ಹೇಳಿ."

"ಐವತ್ತಕ್ಕೆ," ಎಂದುಬಿಟ್ಟೆ. ಯೋಚಿಸಲೇ ಇಲ್ಲ.

"ನೋಡಿದ್ರಾ! ಊರು ಇದ್ದಲ್ಲೇ ಇದೆ. ನಿಮ್ಮ ಹಳೇ ರಸ್ತೆ ಕುಸಿದಿದೆ, ಅಷ್ಟೇ. ಬೇರೆ ರಸ್ತೇಲಿ ಹೋಗೋಣ."

"ಮಗೂ, ಸಿರಿಂಜಿಗೆ ಐವತ್ತರ ಹತ್ತಿರ ಅಂತ ಔಷಧಿ ತುಂಬೋಕೆ ಆಗಲ್ಲಮ್ಮ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಈ ಕಾಲದ ಹುಡುಗಿಯರಿಗೆ ಬೇಜಾರು ಮಾಡಿಕೊಳ್ಳುವುದನ್ನು ಯಾರೂ ಕಲಿಸಿಲ್ಲ. ಎರಡರಷ್ಟು ಮಾಡು, ಅರ್ಧ ಮಾಡು, ಹತ್ತರಿಂದ ಗುಣಿಸಿ ಹಿಂದೆ ಬಾ ಎಂದು ಒಂದು ಗಂಟೆ ಓಡಾಡಿಸಿದಳು. ಎಂಟು ಬೇಕಾದರೆ ಎರಡರಷ್ಟು, ಮತ್ತೆ ಎರಡರಷ್ಟು, ಇನ್ನೊಮ್ಮೆ ಎರಡರಷ್ಟು. ಏಳು, ಹದಿನಾಲ್ಕು, ಇಪ್ಪತ್ತೆಂಟು, ಐವತ್ತಾರು. ಮುಟ್ಟುವುದು ಮುಟ್ಟಿದೆ. ಆದರೆ ಇದೇನು ಲೆಕ್ಕವೇ? ಬಾಗಿಲಿದ್ದೂ ಕಿಟಕಿ ಹತ್ತಿ ಮನೆಯೊಳಗೆ ಇಳಿದಂತೆ. ನನಗೆ ನನ್ನ ಬಾಗಿಲು ಬೇಕು. ಬಸ್ಸಿನಲ್ಲಿ ನಿದ್ದೆ ಹೋಗಿ ಮುಂದಿನ ನಿಲ್ದಾಣದಲ್ಲಿ ಇಳಿದೆ.

ಡಿಸೆಂಬರ್ 8

ಹಬ್ಬ. ಹಿಟ್ಟು ಕಲಸಿ ಪೆಟ್ಟೊಲೆ ಉಂಡೆ ಕರಿದೆ. ಎಡಗೈಯಲ್ಲಿ ಎಣ್ಣೆಗೆ ಬಿಟ್ಟಿದ್ದರಿಂದ ಒಂದೂ ದುಂಡಗಾಗಲಿಲ್ಲ. ಮಗಳು ಫೋನ್ ಮಾಡಿದಳು, ಎಲ್ಲ ಚೆನ್ನಾಗಿದೆ ಎಂದೆ.

ಮಧ್ಯಾಹ್ನ ರುಜೆರೊ ಇಸ್ಪೀಟಿನ ಕಟ್ಟು ತೆಗೆದ. ಸೆಪ್ಟೆಂಬರಿನಿಂದ ಆಡಿರಲಿಲ್ಲ. ಸ್ಕೋಪಾ ಅಂದರೆ ಪೊರಕೆ. ಕೈಯಲ್ಲಿರುವ ಎಲೆಯ ಬೆಲೆಗೆ ಸರಿಯಾಗಿ ಕೂಡುವ ಎಲೆಗಳನ್ನು ಮೇಜಿನ ಮೇಲಿಂದ ಎತ್ತಬೇಕು, ಮೇಜು ಪೂರ್ತಿ ಗುಡಿಸಿಹೋದರೆ ಒಂದು ಅಂಕ. ಮೇಜಿನ ಮೇಲೆ ಎರಡು, ಒಂದು, ನಾಲ್ಕು ಬಿದ್ದಿದ್ದವು. ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ ನನ್ನ ಕೈಯೇ ಏಳನ್ನು ಇಟ್ಟು ಮೂರನ್ನೂ ಎತ್ತಿಕೊಂಡಿತು. ಮೂರು ಆಟ ನಾನೇ ಗೆದ್ದೆ.

"ಇದು ಹೇಗೆ ಬರುತ್ತೆ ನಿಂಗೆ?" ಎಂದ, ಮೋಸ ಹೋದವನಂತೆ. "ಫ್ರಿಜ್ ಮುಂದೆ ನಿಂತ್ರೆ ಕಲ್ಲು, ಇಲ್ಲಿ ನೋಡಿದ್ರೆ ಕಳ್ಳಿ."

"ಇಲ್ಲಿ ನೆನಪು ಮಾಡ್ಕೊಳ್ಳೋದು ಏನಿದೆ? ಕಣ್ಣಿಗೆ ಕಾಣ್ತಿದೆಯಲ್ಲ."

"ಅದೂ ಲೆಕ್ಕನೇ ಅಲ್ವೇನೇ?"

ಅಲ್ಲ. ಇದು ಇಸ್ಪೀಟು. ಇಸ್ಪೀಟಿನಿಂದ ಯಾವ ಮಗುವಿನ ಜ್ವರವೂ ಇಳಿದಿಲ್ಲ.

ಡಿಸೆಂಬರ್ 11

ಸುಸ್ತು. ಮಲಗಿದ್ದೆ.

ಡಿಸೆಂಬರ್ 19

ಇವತ್ತು ನನ್ನ ಕೊನೆಯ ಆಸರೆಯೂ ಹೋಯಿತು.

ಸನ್ಯಾಸಿನಿಯರ ಶಾಲೆಯಲ್ಲಿ ನಮಗೆಲ್ಲ ಒಂಬತ್ತರ ತಾಳೆ ಕಲಿಸಿದ್ದರು. ಗುಣಿಸುವ ಎರಡು ಸಂಖ್ಯೆಗಳ ಅಂಕಿಗಳನ್ನು ಕೂಡಿ ಒಂದೊಂದೇ ಅಂಕಿಗೆ ಇಳಿಸಬೇಕು. ಆ ಎರಡನ್ನು ಗುಣಿಸಿ ಅದನ್ನೂ ಇಳಿಸಬೇಕು. ಉತ್ತರದ ಅಂಕಿಗಳನ್ನು ಕೂಡಿ ಇಳಿಸಿದಾಗಲೂ ಅದೇ ಬಂದರೆ ಲೆಕ್ಕ ಸರಿ. ನಮ್ಮ ದೇಶದಲ್ಲಿ ನನ್ನ ವಯಸ್ಸಿನವರೆಲ್ಲ ಇದರ ಮೇಲೆ ಜಪಮಾಲೆಯಷ್ಟೇ ನಂಬಿಕೆ ಇಟ್ಟವರು. ನಾನು ಇಷ್ಟು ವರ್ಷ ವಾರ್ಡಿನಲ್ಲಿ ಪ್ರತಿ ದೊಡ್ಡ ಲೆಕ್ಕವನ್ನೂ ಹೀಗೇ ತಾಳೆ ನೋಡಿದ್ದೇನೆ. ಲುಡೊವಿಕಾಳ ಅಡ್ಡದಾರಿಗಳಲ್ಲಿ ಎಡವಿದರೂ ಒಂಬತ್ತರ ತಾಳೆ ಹಿಡಿದುಕೊಳ್ಳುತ್ತದೆ ಎಂಬ ಧೈರ್ಯವಿತ್ತು.

ಅವಳು ಮೂವತ್ತೆಂಟು ಹದಿನೇಳ್ಲಿ ಕೊಟ್ಟಳು. ಹತ್ತು ಮೂವತ್ತೆಂಟು ಮುನ್ನೂರ ಎಂಬತ್ತು, ಅದರ ಅರ್ಧ ನೂರ ತೊಂಬತ್ತು, ಇನ್ನೆರಡು ಎಪ್ಪತ್ತಾರು. ಕೂಡಿ 664 ಎಂದು ಬರೆದೆ. ತಾಳೆ ನೋಡಿದೆ. ಅಲ್ಲೂ ಏಳು, ಇಲ್ಲೂ ಏಳು. ಹೆಮ್ಮೆಯಿಂದ ಹಾಳೆ ತಿರುಗಿಸಿ ಕೊಟ್ಟೆ.

ಅವಳು ಪೆನ್ನಿನ ತುದಿಯನ್ನು ಕೊನೆಯ ಎರಡು ಅಂಕಿಗಳ ಮೇಲಿಟ್ಟಳು. "ಸಿಸ್ಟರ್, ಆರುನೂರ ನಲವತ್ತಾರು."

"ತಾಳೆ ಬಂದಿದೆಯಲ್ಲಮ್ಮ!"

"ಅಂಕಿ ಅದಲುಬದಲಾದ್ರೆ ತಾಳೆ ಬಂದೇ ಬರುತ್ತೆ. ಕೂಡಿದ್ರೆ ಅಷ್ಟೇ ತಾನೇ? ಆ ತಪ್ಪನ್ನ ಒಂಬತ್ತು ಹಿಡಿಯಲ್ಲ."

ಅಂಕಿ ಅದಲುಬದಲಾಗುವುದೇ ಈಗ ನನ್ನ ಕಾಯಿಲೆ. ನನ್ನ ಕಾವಲು ನಾಯಿ ನನ್ನ ಕಳ್ಳನನ್ನು ನೋಡಿಯೇ ಬಾಲ ಅಲ್ಲಾಡಿಸುತ್ತದೆ. ಮನೆಗೆ ಬಂದು ಕೋಟು ಬಿಚ್ಚದೆ ಮಲಗಿದೆ. ರುಜೆರೊ ಊಟಕ್ಕೆ ಎಬ್ಬಿಸಿದ, ಏಳಲಿಲ್ಲ. ಒಂದು ಮಗುವಿಗೆ ಏನಾದರೂ ಆಗಿದ್ದರೆ? ಅದೊಂದೇ ಯೋಚನೆ.

ಜನವರಿ 9

ಸ್ಟೆರ್ಪೆಟಾ ಕಿತ್ತಳೆ ಹಿಡಿದುಕೊಂಡು ಬಂದಿದ್ದಳು. ನಮ್ಮ ವಾರ್ಡಿನ ಹೆಡ್ ನರ್ಸು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಅವಳು ಮೇಲೇರಿದಳು, ನಾನು ದಪ್ಪಗಾದೆ. ಫ್ರಿಜ್ಜಿನ ಮೇಲಿನ ರಟ್ಟು ನೋಡಿದಳು. ಮುಚ್ಚಿಡಲು ಆಗಲಿಲ್ಲ, ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಿತ್ತಳೆ ಸುಲಿದು ನನ್ನ ಬಾಯಿಗಿಟ್ಟಳು.

"ಫೆಬ್ರವರಿ ಆರಕ್ಕೆ ನಿನ್ನ ಪರೀಕ್ಷೆ. ಡಾಕ್ಟರ್ ಲಟಾಂಜಿಯೊ. ಕೆಲಸಕ್ಕೆ ಯೋಗ್ಯಳು ಅಂತ ಬರೆದ್ರೆ ವಾರ್ಡು. ಇಲ್ಲ ಅಂದ್ರೆ ಕೆಳಗೆ ದಾಖಲೆ ಕೋಣೆ, ಪಿಂಚಣಿ ಬರೋವರೆಗೂ ಧೂಳು."

"ಅವ್ರು ಏನು ಕೇಳ್ತಾರೆ?"

"ಅದಕ್ಕೇ ಬಂದೆ. ಆ ಮನುಷ್ಯ ಯಾವಾಗ್ಲೂ ಅದೇ ಮೂರು ಕೇಳೋದು. ಏಳೆಂಟ್ಲಿ, ಆರೊಂಬತ್ಲಿ, ನಾಲ್ಕೆಂಟ್ಲಿ. ಇಡೀ ಆಸ್ಪತ್ರೆಗೇ ಗೊತ್ತು. ಗಿಳಿ ಥರ ಬಾಯಿಪಾಠ ಮಾಡ್ಕೊಂಡು ಹೋಗು."

"ಆಮೇಲೆ ವಾರ್ಡಲ್ಲಿ?"

"ಆಮೇಲಿಂದು ಆಮೇಲೆ. ಮೊದ್ಲು ಒಳಗೆ ಬಾ."

ಅವಳು ಹೋದ ಮೇಲೆ ರುಜೆರೊ ಕುಣಿದಾಡಿದ. ಮೂರೇ ಮೂರು ತಾನೇ! ನನಗೂ ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಸೇರಿತು.

ಜನವರಿ 21

ಗಿಳಿ ಸಿದ್ಧ. ಏಳೆಂಟ್ಲಿ ಐವತ್ತಾರು, ಆರೊಂಬತ್ಲಿ ಐವತ್ತನಾಲ್ಕು, ನಾಲ್ಕೆಂಟ್ಲಿ ಮೂವತ್ತೆರಡು. ಬಟ್ಟೆ ಒಣಹಾಕುವಾಗಲೂ ಹೇಳುತ್ತೇನೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಸಂಜೆ ಸ್ಕೋಪಾ ಆಡುವಾಗ ರುಜೆರೊ ಸುಮ್ಮನೆ ಕೀಟಲೆಗೆ, "ಎಂಟೇಳ್ಲಿ?" ಎಂದ.

ಬರಲಿಲ್ಲ. ತಿರುಗಿಸಿ ಕೇಳಿದ್ದಷ್ಟೇ, ಬಾಯಿ ಕಟ್ಟಿಹೋಯಿತು. ಗಿಳಿಗೆ ತನ್ನ ಪಾಠ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಸಿಟ್ಟು ಬಂದು ಎಲೆಗಳನ್ನು ಮೇಜಿನ ಮೇಲೆ ಎಸೆದೆ.

"ನೀನು ಹೇಳು ನೋಡೋಣ! ಫ್ರಿಜ್ ಕಡೆ ತಿರುಗ್ಬೇಡ, ನನ್ನ ಮುಖ ನೋಡ್ಕೊಂಡು ಹೇಳು!"

ಅವನು ನನ್ನ ಮುಖ ನೋಡಿದ. ಕಿವಿ ಕೆಂಪಾಯಿತು. "ನಂಗೆಲ್ಲಿ ಗೊತ್ತು ಮಾರಾಯ್ತಿ? ಆ ರಟ್ಟು ಬರೆದದ್ದೂ ಸ್ಟೇಷನರಿ ಅಂಗಡಿಯವನು."

"ಮತ್ತೆ ಇಷ್ಟು ವರ್ಷ ಟೈಲ್ಸ್ ಹೇಗೆ ಹಾಕಿದೆ?"

"ಏಳೇಳರ ಎಂಟು ಸಾಲು ಇದೆ ಅನ್ಕೋ. ಐದು ಸಾಲು ಮೊದ್ಲು ನೋಡ್ತೀನಿ. ಮೂವತ್ತೈದು. ಇನ್ನು ಮೂರು ಸಾಲು, ಇಪ್ಪತ್ತೊಂದು. ಎಷ್ಟಾಯ್ತೋ ಅಷ್ಟು. ನೆಲ ಕಣ್ಣ ಮುಂದೇನೇ ಇರುತ್ತಲ್ಲ, ನೆನಪು ಯಾಕೆ? ಊರಿಗೇ ಒಂದು ದಾರಿ ಆದ್ರೆ ಎಡವಟ್ಟನಿಗೇ ಒಂದು ದಾರಿ."

ಎರಡು ತಿಂಗಳಿನಿಂದ ನನ್ನನ್ನು ಮಗ್ಗಿ ಬರದ ದಡ್ಡಿಯಂತೆ ನಿಲ್ಲಿಸಿದ ಮನುಷ್ಯ! ಬೈದೆ, ಚೆನ್ನಾಗಿಯೇ ಬೈದೆ. ಬೈಯುತ್ತಾ ಬೈಯುತ್ತಾ ನಗು ಬಂದು ಕೆಮ್ಮು ಹತ್ತಿತು. ಮಲಗುವಾಗ ಕಣ್ಣು ಮುಚ್ಚಿದರೆ ಅಡುಗೆಮನೆಯ ನೆಲ ಕಂಡಿತು. ಐದು ಸಾಲು, ಮೂರು ಸಾಲು. ಪೂರ್ತಿ ಕೂಡುವ ಮೊದಲೇ ನಿದ್ದೆ ಬಂತು.

ಫೆಬ್ರವರಿ 6

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಹಾಗೆ ರುಜೆರೊ ಬೆಳಿಗ್ಗೆಯೇ ಸಿಹಿ ತಂದಿಟ್ಟಿದ್ದ.

ಡಾಕ್ಟರ್ ಲಟಾಂಜಿಯೊ ರಕ್ತದೊತ್ತಡ ನೋಡಿದರು, ಕೈ ಎತ್ತಿಸಿದರು, ಕಣ್ಣು ಮುಚ್ಚಿ ಮೂಗು ಮುಟ್ಟಿಸಿದರು. ಆಮೇಲೆ ಕಾಗದ ನೋಡುತ್ತಲೇ, "ಏಳೆಂಟ್ಲಿ?" ಎಂದರು.

ಗಿಳಿ ನಾಲಿಗೆಯ ತುದಿಯಲ್ಲೇ ಕೂತಿತ್ತು. ಒಂದು ಪದ ಬಿಟ್ಟರೆ ವಾರ್ಡು ನನ್ನದು. ಆಗ ಯಾಕೋ ಆ 664 ಕಣ್ಣ ಮುಂದೆ ಬಂತು. ಕೇಳಿದ ಮೂರಕ್ಕೆ ಉತ್ತರ ಕೊಟ್ಟು ಒಳಗೆ ಹೋಗಿ, ಕೇಳದೇ ಇರುವ ನಾಲ್ಕನೆಯದು ಒಂದು ಮಗುವಿನ ರೂಪದಲ್ಲಿ ಬಂದರೆ?

"ಏಳು, ಹದಿನಾಲ್ಕು," ಎಂದೆ. "ಇಪ್ಪತ್ತೆಂಟು. ಐವತ್ತಾರು."

ತಲೆ ಎತ್ತಿದರು. "ನಾನು ಉತ್ತರ ಕೇಳಿದ್ದಮ್ಮ, ದಾರಿ ಕೇಳಲಿಲ್ಲ."

"ಉತ್ತರ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ ಡಾಕ್ಟ್ರೇ. ನೀವು ಇದನ್ನೇ ಕೇಳ್ತೀರಿ ಅಂತ ಎಲ್ಲರಿಗೂ ಗೊತ್ತು. ಅದನ್ನ ನಂಬೋಕೆ ನಂಗೇ ಧೈರ್ಯ ಇಲ್ಲ. ಮಗ್ಗಿ ಹೋಗಿದೆ, ಬರಲ್ಲ. ಇದೊಂದು ಬರುತ್ತೆ, ನಿಧಾನ."

ಅವರ ಕತ್ತು ಕೆಂಪಾಯಿತು. ಪ್ರಶ್ನೆಯ ಹಾಳೆ ಪಕ್ಕಕ್ಕಿಟ್ಟರು. "ಸರಿ. ಹದಿನೇಳು ಕಿಲೋ ಮಗು. ಕಿಲೋಗೆ ಹನ್ನೆರಡು ಮಿಲಿಗ್ರಾಂ."

ಕಾಗದ ತೆಗೆದುಕೊಂಡೆ. ಹತ್ತು ಹದಿನೇಳು ನೂರ ಎಪ್ಪತ್ತು, ಇನ್ನೆರಡು ಮೂವತ್ತನಾಲ್ಕು. ಬರೆದು ಕೊಡಲು ಹೋದವಳು ಕೈ ಹಿಂದಕ್ಕೆಳೆದುಕೊಂಡೆ. ಕಾಗದದ ಮೇಲೆ 240 ಇತ್ತು.

"ತಡೀರಿ, ತಡೀರಿ. ಇನ್ನೂರ ನಲವತ್ತು ಇಪ್ಪತ್ತು ಕಿಲೋ ಮಗುವಿಗೆ ಆಗುತ್ತೆ. ಹದಿನೇಳಕ್ಕೆ ಅಷ್ಟು ಹೋಗಲ್ಲ. ಅಂಕಿ ತಿರುಗಿದೆ. ಇನ್ನೂರ ನಾಲ್ಕು."

ಬಹಳ ಹೊತ್ತು ಬರೆದರು. ಯೋಗ್ಯಳು. ಆದರೆ ಕೆಳಗೆ ಒಂದು ಷರತ್ತು: ಇವಳು ಮಾಡಿದ ಪ್ರತಿ ಔಷಧಿ ಲೆಕ್ಕವನ್ನು ಇನ್ನೊಬ್ಬರು ಸ್ವತಂತ್ರವಾಗಿ ಮತ್ತೆ ಮಾಡಬೇಕು.

ಕೆಲಸ ಸಿಕ್ಕಿತು, ಮಾನ ಹೋಯಿತು. ಸಿಹಿ ಇಳಿಯಲಿಲ್ಲ.

ಫೆಬ್ರವರಿ 7

ಸ್ಟೆರ್ಪೆಟಾ ಫೋನಿನಲ್ಲಿ ನಕ್ಕಳು. "ಅಯ್ಯೋ ಪೆದ್ದಿ, ಅದು ಎಲ್ಲ ನರ್ಸುಗಳಿಗೂ ಇರೋ ನಿಯಮ! ಗೋಡೆ ಮೇಲೆ ಅಂಟಿಸಿದೆ, ನೀನೇ ಅಂಟಿಸಿದ್ದು. ಯಾರು ಮಾಡ್ತಾರೆ? ಪಕ್ಕದವಳು ಬರೆದಿದ್ದು ನೋಡದೆ ಸಹಿ ಹಾಕ್ತೀವಿ."

ನಿಜ. ನಾನೂ ಹಾಕಿದ್ದೇನೆ.

ಮಾರ್ಚ್ 4

ವಾರ್ಡಿನಲ್ಲಿ ಮೂರನೇ ದಿನ. ಕಾಲು ಊದಿಕೊಂಡಿದೆ, ಬಕೆಟ್ಟಿನ ಬಿಸಿನೀರಿನಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಜ್ವರದಿಂದ ಒಂದು ಹೆಣ್ಣುಮಗು ಬಂತು, ತಾಯಿಯ ಹೆಗಲ ಮೇಲೆ ಮುಖ ಒತ್ತಿಕೊಂಡು. ನಾನೇ ತೂಗಿ ಚೀಟಿಯಲ್ಲಿ ಬರೆದೆ. ಕಿಲೋಗೆ ಹದಿನೈದು ಎಂದು ಡಾಕ್ಟರು ಬರೆದಿದ್ದರು. ಔಷಧಿ ಕೋಣೆಯಲ್ಲಿ ನಾನೂ ಸ್ಟೆರ್ಪೆಟಾಳೂ ಬೆನ್ನಿಗೆ ಬೆನ್ನು ಕೊಟ್ಟು ನಿಂತೆವು. ನನ್ನದು ಅವಳು ನೋಡಬಾರದು, ಅವಳದು ನಾನು ನೋಡಬಾರದು. ಈ ಪದ್ಧತಿ ನಾನೇ ಹಟ ಹಿಡಿದು ಮಾಡಿಸಿದ್ದು. ಮೊದಲ ದಿನ ಅವಳು ಗೊಣಗಿದಳು, ಎರಡನೇ ದಿನ ಬೈದಳು.

"ನಂದಾಯ್ತು. ನೂರ ಎಂಬತ್ತು," ಎಂದಳು. ಅವಳದು ಮಗ್ಗಿ, ರೈಲಿನಂತೆ ಹೋಗುತ್ತಾಳೆ.

ನನ್ನದು ಇಪ್ಪತ್ತೊಂದು ಹತ್ಲಿ ಇನ್ನೂರ ಹತ್ತು, ಅದರ ಅರ್ಧ ನೂರ ಐದು. "ಮುನ್ನೂರ ಹದಿನೈದು," ಎಂದೆ.

ಇಬ್ಬರೂ ತಿರುಗಿ ನಿಂತೆವು. ಒಂದಕ್ಕೊಂದು ಸಂಬಂಧವೇ ಇಲ್ಲ. ಹಳೇ ಅಭ್ಯಾಸ, ಸ್ಟೆರ್ಪೆಟಾ ಬೆರಳು ಮಡಿಚಿ ತಾಳೆ ನೋಡಿದಳು. ಅವಳದಕ್ಕೂ ಒಂಬತ್ತು ಬಂತು, ನನ್ನದಕ್ಕೂ ಒಂಬತ್ತು ಬಂತು.

"ಎರಡೂ ಸರಿನಾ ಹಾಗಾದ್ರೆ?" ಎಂದಳು.

"ನೀನು ತೂಕ ಎಲ್ಲಿಂದ ತಗೊಂಡೆ?"

"ಕೇಸ್ ಶೀಟಿಂದ. ಹನ್ನೆರಡು. ಹುಡುಗಿಯನ್ನ ಪೇಟೆ ಡಾಕ್ಟರು ನಿನ್ನೆ ತೂಗಿದ್ದಾರೆ."

ನನ್ನ ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿ 21 ಇತ್ತು. ಶೀಟು ತಪ್ಪೋ ನಾನು ತಪ್ಪೋ ಎಂದು ಅವಳು ನಿಂತಳು. ನಾನು ಹೊರಗೆ ಹೋಗಿ, "ಒಂದು ನಿಮಿಷ ಕೊಡಮ್ಮ," ಎಂದು ತಾಯಿಯ ಕೈಯಿಂದ ಮಗುವನ್ನು ಎತ್ತಿಕೊಂಡೆ. ಬಲಗೈಯೂ ಹಿಡಿಯಿತು. ಕೆನ್ನೆ ಬಿಸಿಯಾಗಿ ನನ್ನ ಕತ್ತಿಗೆ ತಾಗಿತು. ಇಷ್ಟು ವರ್ಷ ಎತ್ತಿದ ಮಕ್ಕಳೆಲ್ಲ ಈ ತೋಳಿನಲ್ಲಿದ್ದಾರೆ. ಇಪ್ಪತ್ತೊಂದು ಅಂದರೆ ಶಾಲೆಗೆ ಹೋಗುವ ಮಗು, ಸೊಂಟ ಬಾಗಿಸುತ್ತದೆ. ಇದು ಹನ್ನೆರಡು.

"ನಂದು ತಪ್ಪು," ಎಂದೆ. "ಅಂಕಿ ತಿರುಗಿಸಿ ಬರೆದಿದ್ದೀನಿ."

ಆದರೂ ಮತ್ತೆ ತೂಗಿದೆವು, ಅಂಕಿಯನ್ನು ಇಬ್ಬರೂ ಜೋರಾಗಿ ಓದಿದೆವು. ಮತ್ತೆ ಬೆನ್ನಿಗೆ ಬೆನ್ನು. ನೂರ ಎಂಬತ್ತು, ನೂರ ಎಂಬತ್ತು. ಮಗು ಔಷಧಿಯನ್ನು ಅರ್ಧ ನನ್ನ ಅಂಗಿಯ ಮೇಲೆ ಉಗುಳಿತು, ಆಮೇಲೆ ಅದರ ಲೆಕ್ಕ ಬೇರೆ. ಮಧ್ಯಾಹ್ನಕ್ಕೆ ಜ್ವರ ಇಳಿದು ಒಣ ತರಾಲ್ಲಿ ಬಿಸ್ಕತ್ತು ಕಡಿಯುತ್ತಾ ಕೂತಿತ್ತು.

ಸ್ಟೆರ್ಪೆಟಾ ಕಾಫಿ ತಂದುಕೊಟ್ಟಳು. ಹೋಗುವಾಗ ಗೋಡೆಯ ಮೇಲಿನ ನಿಯಮದ ಕಾಗದದ ಮೇಲೆ ಅಂಟಿಸಿದ್ದ ಕ್ಯಾಲೆಂಡರನ್ನು ಕಿತ್ತು ಪಕ್ಕಕ್ಕೆ ಹಾಕಿದಳು.

ಅಂಕಿ ನಾಳೆಯೂ ತಿರುಗಬಹುದು. ತಿರುಗಿಯೇ ತಿರುಗುತ್ತದೆ. ಹಸಿವಾಗುತ್ತಿದೆ. ರುಜೆರೊ ಅವರೆ ಬೇಯಿಸಿ ಗೊಜ್ಜು ಮಾಡಿದ್ದಾನೆ, ಉಪ್ಪು ಜಾಸ್ತಿ. ತಿಂದು ಮಲಗುತ್ತೇನೆ.

ಮಾರ್ಚ್ 19

ನಡುವೆ ಬರೆಯಲು ಆಗಲಿಲ್ಲ, ಸುಸ್ತು. ಮೊನ್ನೆ ಸ್ಟೆರ್ಪೆಟಾಳ ರೈಲು ಹಳಿ ತಪ್ಪಿತು. ಅವಳಿಗೆ ಒಂದು ಸೊನ್ನೆ ಹೆಚ್ಚು ಬಿತ್ತು, ನನಗೆ ಬೀಳಲಿಲ್ಲ. ಅರ್ಧ ದಿನ ನನ್ನ ಮೇಲೆ ಮುನಿಸಿಕೊಂಡಿದ್ದಳು. ಈಗ ನರ್ಸು ಹುಡುಗಿಯರೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಒಬ್ಬೊಬ್ಬಳದು ಒಂದೊಂದು ದಾರಿ. ಒಬ್ಬಳಂತೂ ಎಲ್ಲವನ್ನೂ ಇಪ್ಪತ್ತೈದಕ್ಕೆ ಎಳೆದುಕೊಂಡು ಹೋಗಿ ಹಿಂದೆ ಬರುತ್ತಾಳೆ, ಅವಳ ದಾರಿ ನೋಡಿದರೆ ನನಗೇ ತಲೆ ಸುತ್ತುತ್ತದೆ.

ಇವತ್ತು ನಮ್ಮಲ್ಲಿ ಅಪ್ಪಂದಿರ ಹಬ್ಬ. ಮಗಳ ಲೆಕ್ಕದಲ್ಲಿ ರುಜೆರೊಗೆ ನಾನೇ ಕ್ರೀಮು ತುಂಬಿದ ಜೆಪ್ಪೊಲೆ ತಂದೆ. ಹಾಲು ಒಳಗಿಡಲು ಫ್ರಿಜ್ಜಿನ ಬಾಗಿಲು ಹಿಡಿದವಳು ನಿಂತೆ. ಬಾಗಿಲು ಬೋಳಾಗಿತ್ತು. ಅಂಟಿನ ಗುರುತು ಮಾತ್ರ ಇತ್ತು.

"ಇಲ್ಲಿದ್ದ ರಟ್ಟು ಎಲ್ಲಿ?"

"ಯಾವುದು, ಮಗ್ಗಿದಾ? ಈಗ ಕೇಳ್ತಿದ್ದೀಯಾ?" ಬಾಯಿತುಂಬ ಕ್ರೀಮು. "ನಿನ್ನ ಪರೀಕ್ಷೆ ಮುಗಿದ ದಿನಾನೇ ತೆಗೆದೆ."

"ಎಸೆದುಬಿಟ್ಟೆಯಾ?"

"ಒಳ್ಳೇ ದಪ್ಪ ರಟ್ಟು, ಯಾಕೆ ಎಸೀಲಿ? ಬಗ್ಗಿ ನೋಡು."

ಬಗ್ಗಿ ನೋಡಿದೆ. ನಾಲ್ಕಾಗಿ ಮಡಿಚಿ ಊಟದ ಮೇಜಿನ ಸೊಟ್ಟ ಕಾಲಿನ ಕೆಳಗೆ ಕೊಟ್ಟಿದ್ದಾನೆ. ಅಂಚಿನಲ್ಲಿ ಏಳರ ಸಾಲು ಸ್ವಲ್ಪ ಕಾಣುತ್ತಿತ್ತು. ಮೇಜನ್ನು ಒತ್ತಿ ನೋಡಿದೆ, ಅಲ್ಲಾಡಲಿಲ್ಲ.

ಅಕ್ಷರ ನೆಟ್ಟಗಾದದ್ದು ಕಂಡು ಇಷ್ಟು ದಿನ ನಾನು ಕೈ ಸುಧಾರಿಸಿತು ಅಂದುಕೊಂಡಿದ್ದೆ.

"ವಾಪಸ್ ಅಂಟಿಸ್ಲಾ?" ಎಂದ.

"ಬೇಡ, ಅಲ್ಲೇ ಇರಲಿ," ಎಂದೆ. "ಇಸ್ಪೀಟು ತೆಗೆದು ಎಲೆ ಹಂಚು."